ಅಜ್ಜಿ ಮೇಜಿನ ಮೇಲಿಟ್ಟ ಕಲ್ಲು

ಅಜ್ಜಿಯ ಎರಡೂ ಕಣಕಾಲುಗಳು ಮಿರಮಿರನೆ ಹೊಳೆಯುತ್ತಿದ್ದವು. ಉಳಿದ ಮೈಯೆಲ್ಲ ಎಪ್ಪತ್ತು ದಾಟಿದ ಮುದುಕಿಯದೇ, ಒಣಗಿದ್ದು, ಸುಕ್ಕುಗಟ್ಟಿದ್ದು. ಮೊಣಕಾಲಿನಿಂದ ಪಾದದವರೆಗೆ ಮಾತ್ರ ಒಂದು ಸುಕ್ಕಿಲ್ಲ, ಒಂದು ಕೂದಲಿಲ್ಲ. ಮೊದಲ ದಿನ ನಮ್ಮ ಬಚ್ಚಲಿನಲ್ಲಿ ಸೀರೆ ಮೇಲೆ ಸಿಕ್ಕಿಸಿ, ಮಣೆಯ ಮೇಲೆ ಕೂತು, ಕಾಲು ಚಾಚಿ, "ಕೊಡ್ರಿ ಇಲ್ಲೆ ಕೂಸನ್ನ" ಎಂದಾಗ ನಾನು ಬಾಗಿಲಲ್ಲೇ ನಿಂತು ಆ ಕಾಲುಗಳನ್ನು ನೋಡುತ್ತಿದ್ದೆ. ನಲವತ್ತು ವರ್ಷದಿಂದ ಊರಿನ ಕೂಸುಗಳನ್ನು ಆ ಕಾಲುಗಳ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ಮೀಯಿಸುತ್ತ ಬಂದಿದ್ದರು. ಎಣ್ಣೆ ಕುಡಿದು ಕುಡಿದು ಚರ್ಮ ಹಾಗಾಗಿತ್ತು.

"ಏನ್ ನೋಡ್ತಿಯಪಾ ತಮ್ಮಾ? ಮುದುಕಿ ಕಾಲ ನೋಡಿ ಏನ್ ಸಿಗತೈತಿ ನಿನಗ? ಹೋಗು, ಬಿಸಿನೀರ್ ತಾ" ಎಂದರು. ಒಳಗಿಂದ ನನ್ನ ಹೆಂಡತಿ ನಕ್ಕಳು. ಹೆರಿಗೆಯಾಗಿ ಹದಿಮೂರು ದಿನದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು.

ನಾನು ಯಲ್ಲಾಪುರದಿಂದ ಶಿರಸಿಗೆ ಪ್ಯಾಸೆಂಜರ್ ಟೆಂಪೋ ಓಡಿಸುವವನು. ಅಜ್ಜಿಯ ತವರು ಕಿರವತ್ತಿ. ಮದುವೆಯಾಗಿ ಯಲ್ಲಾಪುರಕ್ಕೆ ಬಂದು ಐವತ್ತು ವರ್ಷವಾದರೂ ಮಾತು ಮಾತ್ರ ಅಲ್ಲಿಯದೇ ಉಳಿದಿತ್ತು. ಬೆಳಗಿನ ಹೊತ್ತು ನಾಲ್ಕೈದು ಮನೆಗಳಲ್ಲಿ ಕೂಸು ಮೀಯಿಸುತ್ತಿದ್ದರು. ಇಂಥ ಮನೆ ಮೊದಲು ಎಂಬ ನಿಯಮವಿರಲಿಲ್ಲ. ಯಾರ ಮನೆಯ ಹಂಡೆ ಮೊದಲು ಕಾಯುತ್ತದೋ ಆ ಮನೆಗೆ ಮೊದಲು ಹೋಗುತ್ತಿದ್ದರು. ಕೈಯಲ್ಲಿ ಒಂದು ಬಟ್ಟೆಯ ಚೀಲ. ಅದರಲ್ಲಿ ಅಂಗೈಯಗಲದ ಒಂದು ತೇಯುವ ಕಲ್ಲು, ಒಂದು ಡಬ್ಬಿಯಲ್ಲಿ ಬಜೆ, ಜಾಯಿಕಾಯಿ, ಅಳಲೆಕಾಯಿ, ಒಣಶುಂಠಿ. ಸ್ನಾನ ಮುಗಿದ ಮೇಲೆ ನನ್ನ ಹೆಂಡತಿಯ ಹಾಲನ್ನೇ ನಾಲ್ಕು ಹನಿ ಕಲ್ಲಿನ ಮೇಲೆ ಹಾಕಿಸಿಕೊಂಡು, ಒಂದೊಂದನ್ನೂ ಎರಡೆರಡು ಸುತ್ತು ತೇದು, ಬೆರಳ ತುದಿಯಿಂದ ಮಗಳ ನಾಲಿಗೆಗೆ ಹಚ್ಚುತ್ತಿದ್ದರು. ನನಗೂ ಹಾಗೆಯೇ ಹಚ್ಚಿದ್ದರಂತೆ ಯಾರೋ. ನಮ್ಮಲ್ಲಿ ಎಲ್ಲರೂ ಅದನ್ನು ನೆಕ್ಕಿಯೇ ದೊಡ್ಡವರಾದವರು.

ಅಜ್ಜಿಗೆ ಡೈಪರ್ ಕಂಡರೆ ಆಗುತ್ತಿರಲಿಲ್ಲ. ಹಳೆಯ ಸೀರೆ ಹರಿದು ಮಾಡಿದ ಬಿಳಿ ಬಟ್ಟೆಯೇ ಆಗಬೇಕು. ಬಂದ ಕೂಡಲೇ ಹಿಂದಿನ ದಿನದ ಬಟ್ಟೆಗಳನ್ನು ತರಿಸಿ ಬೆಳಕಿಗೆ ಹಿಡಿದು ನೋಡುವರು, ಮೂಸುವರು. "ಕೂಸಿಗೆ ಬಾಯಿ ಇಲ್ಲ. ಏನಾರ ಹೇಳೂದಿದ್ರ ಇಲ್ಲೇ ಹೇಳತೈತಿ" ಎನ್ನುವರು. ನನಗೆ ಹೇಸಿಗೆಯಾಗಿ ಮುಖ ತಿರುಗಿಸಿದರೆ, "ಅಪ್ಪ ಆಗ್ಯಾನ, ಮೂಗ್ ಮಾತ್ರ ಇನ್ನೂ ಮದುಮಗಂದು" ಎಂದು ನನ್ನ ಅಮ್ಮನ ಎದುರೇ ಹಂಗಿಸುವರು.

ಆ ಬಟ್ಟೆಯಲ್ಲಿ ರಕ್ತವನ್ನು ಮೊದಲು ಕಂಡವರು ಅವರೇ. ಮಗಳಿಗೆ ಆಗ ಎರಡು ತಿಂಗಳು. ಹಸಿರು ಲೋಳೆಯ ಮಧ್ಯೆ ಕೆಂಪು ನೂಲಿನಂಥ ಎರಡು ಎಳೆ. ಅಜ್ಜಿ ಬಟ್ಟೆಯನ್ನು ಮಡಚಿ ನನ್ನ ಕೈಗೆ ಕೊಟ್ಟರು. ಅವತ್ತು ಕುಶಾಲು ಇರಲಿಲ್ಲ.

"ಇದು ನನ್ನ ಕೈಯಾಗ ಆಗೂದಲ್ಲ ತಮ್ಮಾ. ಇವತ್ತ ಗಾಡಿ ಬಾಡಗಿ ಬಿಡು. ಡಾಕ್ಟರ್ ಕಡೆ ಕರ್ಕೊಂಡ್ ಹೋಗು. ಈ ಬಟ್ಟಿನೂ ಒಯ್ಯಿ."

ಶಿರಸಿಯ ಮಕ್ಕಳ ಡಾಕ್ಟರರ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದೆವು. ಒಳಗೆ ಯಾರನ್ನೋ ಅವರು ಗದರುವುದು ಕೇಳುತ್ತಿತ್ತು. ಹಳ್ಳಿಯ ಹೆಂಗಸು ಕೂಸಿಗೆ ಎಂತದೋ ಬೇರು ತೇದು ಹಾಕಿದ್ದಳು. "ನಿಮಗೆಲ್ಲ ಬುದ್ಧಿ ಬರೋದು ಯಾವಾಗ?" ಎಂದು ಅವರು ಕೇಳಿದ್ದು ಹೊರಗಿದ್ದವರಿಗೆಲ್ಲ ಕೇಳಿತು. ಆ ಹೆಂಗಸು ತಲೆ ತಗ್ಗಿಸಿಕೊಂಡು ಹೊರಗೆ ಬಂದಳು. ನಾನು ಚಿಕ್ಕಂದಿನಲ್ಲಿ ಶಾಲೆ ಬಿಟ್ಟವನು. ಹತ್ತನೆಯದನ್ನು ಕಟ್ಟಿ ಪಾಸು ಮಾಡುವಾಗ ನನಗೆ ಮೂವತ್ತೊಂದಾಗಿತ್ತು. ಓದಿದವರ ಎದುರು ಬೈಸಿಕೊಳ್ಳುವುದು ಎಂದರೆ ನನಗೆ ಎಲ್ಲಕ್ಕಿಂತ ಹೆಚ್ಚಿನ ಹೆದರಿಕೆ.

ಡಾಕ್ಟರರು ಬಟ್ಟೆ ನೋಡಿದರು, ಹೊಟ್ಟೆ ಮುಟ್ಟಿ ನೋಡಿದರು. ಆಕಳ ಹಾಲು ಕೂಸಿಗೆ ಆಗಿಬರುತ್ತಿಲ್ಲ, ತಾಯಿ ಉಂಡದ್ದು ಎದೆಹಾಲಿನಲ್ಲಿ ಹೋಗುತ್ತದೆ ಎಂದರು. ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ ಎಲ್ಲ ಬಿಡಬೇಕು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು.

"ತಾಯಿ ಹಾಲು ಬಿಟ್ಟು ಬೇರೆ ಏನಾದ್ರೂ ಕೊಡ್ತಿದೀರಾ? ಜೇನು, ಗುಟ್ಟಿ, ತೇದು ಹಾಕೋದು?"

ಹೆಂಡತಿ ನನ್ನ ಮುಖ ನೋಡಿದಳು.

"ಇಲ್ಲ ಸರ್. ಎಂತದೂ ಇಲ್ಲ" ಎಂದೆ.

ಅವಳು ತಲೆ ತಗ್ಗಿಸಿ ಕೂಸಿನ ಬಟ್ಟೆ ಸರಿಮಾಡಿದಳು. ಬಜೆ ಎಂದರೆ ಔಷಧ, ಆಹಾರವಲ್ಲವಲ್ಲ. ಅದೂ ಅವಳದೇ ಹಾಲಿನಲ್ಲಿ ತೇದದ್ದು ಎಂದು ಬರುವಾಗ ದಾರಿಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಂಡೆವು.

ಅಂದಿನಿಂದ ಹೆಂಡತಿ ಹಾಲಿನ ಚಹಾ ಬಿಟ್ಟಳು. ಕೋಕಂ ಸಾರು, ಅನ್ನ, ಬೇಯಿಸಿದ ತರಕಾರಿ, ಅಷ್ಟೇ. ಅಮ್ಮನಿಗೆ ಸಂಕಟ. "ಬಾಣಂತಿ ತುಪ್ಪ ತಿನ್ನದಿದ್ರೆ ಸೊಂಟ ನಿಲ್ತದಾ? ಯಾವ ಡಾಕ್ಟ್ರೋ ಎಂತದೋ" ಎನ್ನುವಳು. ರಕ್ತ ನಿಂತಿತು. ಆದರೆ ಮಗಳು ಪೂರ್ತಿ ಸುಧಾರಿಸಲಿಲ್ಲ. ಎರಡು ದಿನ ಚೆನ್ನಾಗಿರುವಳು, ಮೂರನೆಯ ದಿನ ಕೆನ್ನೆಯ ಮೇಲೆ ದದ್ದು, ವಾಂತಿ, ನೀರಾಗಿ ಹೋಗುವುದು. ಅಂಗನವಾಡಿಯ ತಕ್ಕಡಿಯಲ್ಲಿ ಎರಡು ತಿಂಗಳು ಮುಳ್ಳು ಒಂದೇ ಕಡೆ ನಿಂತಿತ್ತು. ಅಕ್ಕೋರು ಕಾರ್ಡಿನ ಮೇಲೆ ಚುಕ್ಕೆ ಇಡುವಾಗ ನಾನು ಬೇರೆ ಕಡೆ ನೋಡುತ್ತಿದ್ದೆ.

ಟೆಂಪೋ ಓಡಿಸುವಾಗ ಫೋನು ಗುಂಯ್ ಎಂದರೆ ಮನೆಯಿಂದಲೇ ಎಂದುಕೊಳ್ಳುತ್ತಿದ್ದೆ. ಬದಿಗೆ ನಿಲ್ಲಿಸಿ ತೆಗೆದು ನೋಡಿದರೆ ಯಾರೋ ಸೀಟು ಇದೆಯಾ ಎಂದು ಕೇಳಲು ಮಾಡಿದ್ದು. ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲು ತೊಟ್ಟಿಲಿಗೆ ಬಗ್ಗಿ ಕೂಸಿನ ಹೊಟ್ಟೆ ಏರಿಳಿಯುವುದನ್ನು ನೋಡುವೆ. ಹೆದರಿಕೆ ಎಷ್ಟಾಯಿತೆಂದರೆ ಮನೆಯವರ ಮೇಲೆಯೇ ಅನುಮಾನ ಬಂತು. ಒಂದು ದಿನ ಹೆಂಡತಿ ಕುಡಿದಿಟ್ಟ ಲೋಟವನ್ನು ಎತ್ತಿ ಮೂಸಿದೆ. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು. ಇನ್ನೊಂದು ದಿನ ಅಮ್ಮನನ್ನು ಕೇಳಿಯೇಬಿಟ್ಟೆ, "ಅನ್ನಕ್ಕೆ ಕದ್ದು ತುಪ್ಪ ಹಾಕ್ತ್ಯಾ ನೀನು?" ಎಂದು. ಅಮ್ಮ ತುಪ್ಪದ ಗಿಂಡಿಯನ್ನು ತಂದು ನನ್ನ ಕಾಲ ಬುಡದಲ್ಲಿ ಇಟ್ಟು, "ಇದನ್ನೂ ತಗಂಡು ಹೋಗಿ ಚೆಲ್ಲು, ನನ್ನನ್ನೂ ಎಲ್ಲಾದ್ರೂ ಬಿಟ್ಟು ಬಾ" ಎಂದು ಅತ್ತಳು.

ಅಜ್ಜಿಯ ಮೇಲೆ ಮಾತ್ರ ಯಾರಿಗೂ ಅನುಮಾನ ಬರಲಿಲ್ಲ. ಅವರ ಕಾಲ ಮೇಲೆ ಮಲಗಿದಾಗ ಮಾತ್ರ ಮಗಳು ಅಳು ನಿಲ್ಲಿಸಿ ಅವರ ಬಾಯಿ ನೋಡುತ್ತಿದ್ದಳು. "ಏನ್ ಬಾಯಿ ಸಾಹೇಬ್ರ, ಇವತ್ತೇನ್ ದೂರು ಐತಿ ನಿಮ್ದು? ಅಪ್ಪ ಬೈದನ? ಬೈಲಿ ಬಿಡು, ನಾವ್ ಅವನ್ನ ಗಾಡಿ ಸಮೇತ ಮಾರೂಣು" ಎಂದು ದೊಡ್ಡವರ ಹತ್ತಿರ ಮಾತಾಡಿದಂತೆ ಮಾತಾಡುವರು.

ಮಗಳಿಗೆ ಏಳು ತಿಂಗಳಾಗಿತ್ತು. ರಾಗಿ ಮಣ್ಣಿ ಶುರು ಮಾಡಿದ್ದೆವು, ಅದು ಒಗ್ಗಿತ್ತು. ಆ ದಿನ ಅಜ್ಜಿ ಬಂದದ್ದು ತಡವಾಗಿ, ಹನ್ನೊಂದರ ಹೊತ್ತಿಗೆ. ಮೀಯಿಸಿದರು, ತೇದು ಹಚ್ಚಿದರು, ಬಟ್ಟೆ ಸುತ್ತಿ ತೊಟ್ಟಿಲಿಗೆ ಹಾಕಲು ಎದ್ದರು. ನಾನು ಊಟಕ್ಕೆಂದು ಬಂದು ಕೈ ತೊಳೆಯುತ್ತಿದ್ದೆ.

"ತಮ್ಮಾ!"

ಅವರು ಹಾಗೆ ಕೂಗಿದ್ದನ್ನು ಅದಕ್ಕೂ ಮೊದಲು ಕೇಳಿರಲಿಲ್ಲ. ಓಡಿದೆ. ಮಗಳ ತುಟಿಗಳು ಕಣ್ಣೆದುರೇ ಊದುತ್ತಿದ್ದವು. ಕುತ್ತಿಗೆಯಿಂದ ಹೊಟ್ಟೆಯವರೆಗೆ ಪಿತ್ತದ ಗಂಧೆಗಳು ಒಂದಕ್ಕೊಂದು ಕೂಡಿಕೊಳ್ಳುತ್ತಿದ್ದವು. ಒಮ್ಮೆ ವಾಂತಿಯಾಯಿತು, ಕತ್ತು ಅಜ್ಜಿಯ ತೋಳಿನ ಮೇಲೆ ಜೋತುಬಿತ್ತು. ಉಸಿರಿನಲ್ಲಿ ಸಿಳ್ಳೆಯಂಥ ಸದ್ದು.

ಹೆಂಡತಿ ನಿಂತಲ್ಲೇ ಕುಸಿದಳು. ಅಜ್ಜಿ ಚಪ್ಪಲಿ ಇಲ್ಲದೆ, ಒದ್ದೆ ಸೀರೆಯಲ್ಲೇ ಕೂಸನ್ನು ಎದೆಗೆ ಒತ್ತಿಕೊಂಡು ಟೆಂಪೋ ಹತ್ತಿದರು. ಚೀಲ ಅವರ ಮೊಣಕೈಗೆ ನೇತಾಡುತ್ತಿತ್ತು. ತಾಲೂಕು ಆಸ್ಪತ್ರೆ ಏಳು ನಿಮಿಷದ ದಾರಿ. ಸಂತೆಯ ದಿನ. ನಾನು ಹಾರ್ನಿನ ಮೇಲಿಂದ ಕೈ ತೆಗೆಯಲಿಲ್ಲ. "ಉಸಿರೈತಾ ಅಜ್ಜಿ? ಉಸಿರೈತಾ?" ಎಂದು ಅವರ ಮಾತಿನಲ್ಲೇ ಕೇಳುತ್ತಿದ್ದೆನಂತೆ. "ಐತಿ. ನೀ ಮುಂದ ನೋಡು" ಎನ್ನುತ್ತಿದ್ದರು. ಒಂದು ಸಲ ಮಾತ್ರ ಉತ್ತರ ಬರಲು ತಡವಾಯಿತು. ಆ ತಡವನ್ನು ನಾನು ಈಗಲೂ ಕನಸಿನಲ್ಲಿ ಕೇಳುತ್ತೇನೆ.

ಆಸ್ಪತ್ರೆಯಲ್ಲಿ ಇದ್ದದ್ದು ಕಿರಿಯ ವಯಸ್ಸಿನ ಲೇಡಿ ಡಾಕ್ಟರು. ನೋಡಿದ ಕೂಡಲೇ ತೊಡೆಗೆ ಇಂಜೆಕ್ಷನ್ ಚುಚ್ಚಿದರು, ಮೂಗಿಗೆ ಆಕ್ಸಿಜನ್ ಇಟ್ಟರು. ಸ್ವಲ್ಪ ಹೊತ್ತಿಗೆ ಸಿಳ್ಳೆ ನಿಂತಿತು, ಮಗಳು ಸಣ್ಣಗೆ ಅತ್ತಳು.

"ಈಗ ಒಂದು ಗಂಟೆಯೊಳಗೆ ಬಾಯಿಗೆ ಏನು ಹೋಗಿದೆ? ಸರಿಯಾಗಿ ಹೇಳಿ" ಎಂದರು ಡಾಕ್ಟರು.

ನಾನು ಬಾಯಿ ತೆರೆದೆ. "ಎಂತ ಇಲ್ಲ ಮೇಡಂ, ಎದೆಹಾಲು..." ಎಂದೆ. ಆಗಲೂ ಅದೇ ಬಂತು ಬಾಯಿಗೆ. ಮಗಳು ಅಲ್ಲಿ ಮಲಗಿದ್ದಾಳೆ, ಆದರೂ ಅದೇ ಬಂತು.

ಅಜ್ಜಿ ನನ್ನನ್ನು ದಾಟಿ ಮುಂದೆ ಬಂದರು. ಚೀಲದಿಂದ ಕಲ್ಲು ತೆಗೆದು ಡಾಕ್ಟರರ ಮೇಜಿನ ಮೇಲಿಟ್ಟರು.

"ನಾ ಕೊಟ್ಟೀನ್ರಿ. ಈ ಕಲ್ಲಿನ ಮ್ಯಾಲ ಬಜಿ ತೇದು ನೆಕ್ಕಿಸೀನಿ. ಇವರ ಮನಿಗೆ ಬರೂಕಿಂತ ಮೊದ್ಲ ಬ್ಯಾರೆ ಮನ್ಯಾಗ ಇದ್ರ ಮ್ಯಾಲ ಬಾದಾಮಿ ತೇದಿದ್ದೆ, ಆಕಳ ಹಾಲಾಗ. ಆ ಕೂಸು ಸೊರಗೇತಿ ಅಂತ ಇವತ್ತ ಎರಡ ಬಾದಾಮಿ ಜಾಸ್ತಿ ತೇದೆ. ಹೊತ್ತಾಗಿತ್ತು. ಕಲ್ಲ ನೀರಾಗ ಅದ್ದಿ ಸೆರಗಿಲೆ ಒರಸ್ಕೊಂಡ ಬಂದೆ."

ಡಾಕ್ಟರು ಬೈದರು. ಬೈಯಬೇಕಾದಷ್ಟು ಬೈದರು. ಅಜ್ಜಿ ಕೈ ಕಟ್ಟಿಕೊಂಡು ನಿಂತು ಎಲ್ಲ ಕೇಳಿದರು. ನಾನು ಗೋಡೆಯ ಮೇಲಿನ ಲಸಿಕೆಯ ಪಟ್ಟಿಯನ್ನು ಓದುತ್ತಾ ನಿಂತಿದ್ದೆ.

ಆಮೇಲೆ ಹೊರಗೆ ಬೆಂಚಿನ ಮೇಲೆ ಕೂತು ಅವರು ಬೆರಳು ಮಡಚುತ್ತಾ ಲೆಕ್ಕ ಹಾಕಿದರು. "ಸೋಮಾರ ನಿಮ್ಮ ಮನಿಗೆ ಮೊದ್ಲ ಬಂದಿದ್ದೆ. ಕೂಸಿಗೆ ಏನೂ ಆಗಲಿಲ್ಲ. ಮಂಗಳಾರ ಆ ಬಾದಾಮಿ ಮನಿ ಹಂಡೆ ಮೊದ್ಲ ಕಾದಿತ್ತು. ಬುಧವಾರ ದದ್ದು ಎದ್ದಿತ್ತು..." ಹಿಂದೆ ಹಿಂದೆ ಹೋದರು. ಒಂದು ದಿನವೂ ತಪ್ಪಲಿಲ್ಲ. ಐದು ತಿಂಗಳು ನಾನು ಲೋಟ ಮೂಸಿದ್ದೆ, ಗಿಂಡಿ ನೋಡಿದ್ದೆ.

ಮರುದಿನ ಹುಬ್ಬಳ್ಳಿಗೆ ಕಳಿಸಿದರು. ಅಜ್ಜಿ ತಾವೂ ಬಂದರು. ಕಿರವತ್ತಿಯ ಢಾಬಾಗಳನ್ನು ದಾಟುವಾಗ ಅಲ್ಲಿ ಅವರ ಅಣ್ಣನ ಮನೆ ಇದೆ, ಚಹಾಕ್ಕೆ ನಿಲ್ಲಿಸಲೇ ಎಂದು ಕೇಳಿದೆ. "ಇವತ್ತ ನನಗ ಯಾವ ತವರೂ ಇಲ್ಲ. ನಡಿ" ಎಂದರು. ಹುಬ್ಬಳ್ಳಿಯಲ್ಲಿ ಕೂಸಿನ ಬೆನ್ನಿನ ಮೇಲೆ ಸೂಜಿಯಿಂದ ಗೀರಿ ಪರೀಕ್ಷೆ ಮಾಡಿದರು. ಹಾಲಿನದು, ಬಾದಾಮಿಯದು, ಎರಡೂ ಗೀರು ಉಬ್ಬಿ ನಿಂತವು. ಇವೆರಡನ್ನು ಮುಟ್ಟಿದ ಪಾತ್ರೆ, ಚಮಚ ಸಹ ಕೂಸಿನ ಹತ್ತಿರ ಬರಬಾರದು ಎಂದರು.

ಬಂದ ಮೇಲೆ ಮೂರು ದಿನ ಅಜ್ಜಿ ಕಾಣಲಿಲ್ಲ. ನಾಚಿಕೆಯಿಂದ ಬಿಟ್ಟರು ಎಂದುಕೊಂಡೆ. ನಾಲ್ಕನೆಯ ದಿನ ನಸುಕಿನಲ್ಲಿ ನಮ್ಮ ಹಂಡೆಗೆ ಬೆಂಕಿ ಹಾಕುವ ಮೊದಲೇ ಬಾಗಿಲಲ್ಲಿದ್ದರು. ಚೀಲ ಇರಲಿಲ್ಲ.

"ಇನ್ನ ಮ್ಯಾಲ ನಿಮ್ಮ ಮನಿನ ಮೊದಲ. ಬರೇ ಮೀಸ್ತೀನಿ. ಬಾಯಿಗೆ ಏನೂ ಹಚ್ಚಂಗಿಲ್ಲ" ಎಂದರು. ಮೂರು ದಿನ ಅವರು ಮೀಯಿಸುವ ಮನೆ, ಹಿಂದೆ ಮೀಯಿಸಿದ ಮನೆ ಎಲ್ಲ ತಿರುಗಿದ್ದರು. ತೇದು ಹಾಕಬೇಡಿ, ಡಾಕ್ಟರರನ್ನು ಕೇಳಿ ಎಂದು ಹೇಳಿ ಬಂದಿದ್ದರು. ಎರಡು ಮನೆಯವರು, ಹಾಗಾದರೆ ನೀನೂ ಬರುವುದು ಬೇಡ ಎಂದರಂತೆ. ಅದನ್ನೂ ನಗುತ್ತಾ ಹೇಳಿದರು.

ಅವತ್ತು ಬಚ್ಚಲಿನ ಬಾಗಿಲಲ್ಲಿ ನಿಂತು ನಾನು ಹೇಳಿದೆ. ಶಿರಸಿಯ ಡಾಕ್ಟರರು ಎರಡನೆಯ ತಿಂಗಳಿನಲ್ಲೇ ಕೇಳಿದ್ದರು, ನಾನು ಇಲ್ಲ ಎಂದಿದ್ದೆ ಎಂದು. ಅಜ್ಜಿಯ ಕೈ ಕೂಸಿನ ಬೆನ್ನಿನ ಮೇಲೆ ನಿಂತಿತು.

"ಕೇಳಿದ್ರಾ?"

"ಕೇಳಿದ್ರು ಅಜ್ಜಿ."

"ಹೇಳಿದ್ರ ಡಾಕ್ಟರ್ ಏನ್ ಕಚ್ಚತಿದ್ನೇನ ನಿನ್ನ?" ಎಂದರು. ನಗು ಇರಲಿಲ್ಲ. ಮತ್ತೆ ನೀರು ಹೊಯ್ದರು. "ಬಟ್ಟಿ ತಾ. ಕೂಸಿಗೆ ಥಂಡಿ ಆಕ್ಕೈತಿ." ಆ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ಮಗಳಿಗೆ ಈಗ ನಾಲ್ಕು ವರ್ಷ. ತೂಕ ಸರಿಯಾಗಿದೆ. ಹಾಲು ಇನ್ನೂ ಆಗುವುದಿಲ್ಲ. ಹೆದರಿಕೆ ಹೋಗಿಲ್ಲ; ಯಾರಾದರೂ ಪೇಢೆ ಹಿಡಿದು ಅವಳ ಕಡೆ ಬಗ್ಗಿದರೆ ಈಗಲೂ ನನ್ನ ಕೈ ತಾನಾಗಿ ಅಡ್ಡ ಹೋಗುತ್ತದೆ.

ಅಜ್ಜಿ ಈ ವರ್ಷ ತೀರಿಕೊಂಡರು. ಎರಡೇ ದಿನದ ಜ್ವರ. ತೀರಿದ ಮೂರನೆಯ ದಿನ ಅವರ ಮನೆಗೆ ಹೋದೆ. ಅಂಗಳದ ತುಂಬ ಹೆಂಗಸರು, ಕೆಲವರ ಸೊಂಟದಲ್ಲಿ ಕೂಸು. ನನಗೆ ಯಾರ ಗುರುತೂ ಇರಲಿಲ್ಲ. ಒಬ್ಬರು ನನ್ನನ್ನು ಕೇಳಿದರು.

"ಆ ಕೂಸಿನ ಅಪ್ಪ ನೀವೇ ಅಲ್ದಾ? ಟೆಂಪೋದವ್ರು? ಅಜ್ಜಿ ನಮ್ಮನೆಗೆ ಬಂದು ಹೇಳಿದ್ರು. 'ನನ್ನ ತಪ್ಪಿನಿಂದ ಒಂದು ಕೂಸು ಹೋಗ್ತಿತ್ತು' ಅಂತ ಅತ್ಕಂಡು ಹೇಳಿದ್ರು. ಅದಕ್ಕೇ ನಮ್ಮ ಮಗಂಗೆ ದದ್ದು ಎದ್ದಾಗ ತಿಂದದ್ದು ಎಲ್ಲ ಬರ್ಕಂಡು ಹೋಗಿ ಡಾಕ್ಟ್ರಿಗೆ ಹೇಳಿದೆ. ಅವಂಗೆ ಶೇಂಗಾ ಆಗೂದಿಲ್ಲ."

ಇನ್ನೊಬ್ಬರು, "ಪ್ರತಿ ಮನೇಲೂ ಅದನ್ನೇ ಹೇಳ್ತಿದ್ರು, ಮೊನ್ನೆ ಮೊನ್ನೆವರೆಗೂ" ಎಂದರು. "ನಾ ಮಾಡಿದ್ದು, ನಾ ಮಾಡಿದ್ದು ಅಂತ."

ಮೂರು ವರ್ಷಕ್ಕೂ ಮೇಲೆ. ಒಂದು ಮನೆಯಲ್ಲೂ ನನ್ನ ಮಾತು ಬಂದಿರಲಿಲ್ಲ. ನನಗೆ ಅಲ್ಲಿಂದ ಓಡಿಹೋಗಬೇಕೆನಿಸಿತು.

"ಅಜ್ಜಿದು ಅರ್ಧ ತಪ್ಪು" ಎಂದೆ. "ಕಲ್ಲಿಂದು ಅವರಿಗೆ ಗೊತ್ತಿರಲಿಲ್ಲ. ನನಗೆ ಡಾಕ್ಟ್ರು ಮೊದಲೇ ಕೇಳಿದ್ರು, ತೇದು ಹಾಕ್ತೀರಾ ಅಂತ. ಬೈತ್ರು ಅಂತ ಹೆದರಿ ಇಲ್ಲ ಅಂದೆ. ಹೇಳಿದ್ರೆ ಅವತ್ತೇ ನಿಲ್ತಿತ್ತು."

ಮೊದಲು ಮಾತಾಡಿದವರು ಸೊಂಟದ ಮಗುವನ್ನು ಇನ್ನೊಂದು ಬದಿಗೆ ಸರಿಸಿಕೊಂಡು ನನ್ನನ್ನು ನೋಡಿದರು.

"ನೀವು ಇದನ್ನ ಯಾರಿಗಾದ್ರೂ ಹೇಳೂದಾದ್ರೆ," ಎಂದೆ, "ಇನ್ನು ಮೇಲೆ ಅಪ್ಪಂದೂ ಸೇರಿಸಿ ಹೇಳಿ."