ಪೊರೆ ತೆಗೆಸಲೋ ಬೇಡವೋ

ಅಮ್ಮನವರ ಬಲಗಡೆಯಿಂದ ಹೂವು ಬಿದ್ದದ್ದು ಫ್ಯಾನ್ ಗಾಳಿಗೆ, ಬೇರೇನಿಲ್ಲ. ಕಣ್ಣಿನ ಪೊರೆ ತೆಗೆಸಲೋ ಬೇಡವೋ ಅಂತ ಕೇಳೋಕೆ ಹಲಸೂರಿನ ಗುಡಿಗೆ ಹೋಗಿದ್ದೆ. ಬಲಕ್ಕೆ ಬಿದ್ದರೆ ತೆಗೆಸು ಅಂತ ಅರ್ಥ.

ಕಾಲೇಜಲ್ಲಿ ತತ್ವಶಾಸ್ತ್ರ ಓದೋ ಮೊಮ್ಮಗಳು ಜೊತೆಗಿದ್ದಳು. "ಹೂವನ್ನ ಯಾಕೆ ಕೇಳ್ತೀಯ ಅಜ್ಜಿ? ಗುಡಿ, ಪೂಜಾರಿ ಯಾರೂ ಬೇಡ, ಸತ್ಯ ಅವರವರ ಒಳಗೇ ಹೊಳೆಯುತ್ತೆ ಅಂತ ಒಂದು ತತ್ವ ಇದೆ. ನಿನ್ನೊಳಗೆ ಏನನ್ಸುತ್ತೆ?"

"ಬೇಡ ಅನ್ಸುತ್ತೆ. ಅದು ಸತ್ಯಾನೋ, ಸೂಜಿ ಭಯಾನೋ?"

"ಅದು ನಿಂಗೇ ಗೊತ್ತಾಗ್ಬೇಕು."

"ಗೊತ್ತಾಗಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ? ನಿಮ್ಮ ಮೇಷ್ಟ್ರನ್ನ ಕೇಳ್ಕೊಂಡು ಬಾ."

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಸಂಜೆಯೆಲ್ಲಾ ಸೊಪ್ಪು ಬಿಡಿಸ್ತಾ ಒಳಗೆ ಕಿವಿಗೊಟ್ಟೆ. ಒಂದು ಸಲ ಹೋಗು ಅಂತು, ಇನ್ನೊಂದು ಸಲ ಸುಮ್ನಿರು ಅಂತು. ಎರಡೂ ನನ್ನದೇ ದನಿ.

ಮಾರನೇ ಬೆಳಗ್ಗೆ ಅವಳ ಕೈ ಹಿಡ್ಕೊಂಡು ಕಣ್ಣಾಸ್ಪತ್ರೆಗೆ ಹೋದೆ. ದಾರೀಲಿ ಎರಡು ದನಿಯ ವಿಷಯ ಹೇಳಿದೆ. ಯಾವ ದನಿ ಕೇಳಿ ಹೊರಟೆ ಅಂದಳು. ಗೊತ್ತಿಲ್ಲ ಅಂದೆ.