ನೆರಿಯದ ಹೊಳೆಗೆ ಒಂದು ಕನ್ನಡಕ

ಮೂಡುಬಿದಿರೆಯಿಂದ ಸಿದ್ಧಕಟ್ಟೆ ಮಾರ್ಗವಾಗಿ ಬಿ.ಸಿ.ರೋಡಿಗೆ ಹೋಗುವ ಬೆಳಗ್ಗಿನ ಬಸ್ಸಿನಲ್ಲಿ ನನಗೆ ಕಿಟಕಿ ಬದಿಯ ಸೀಟು ಸಿಕ್ಕಿತು. ದೀಪಾವಳಿ ಕಳೆದಿತ್ತು, ಮಳೆ ಪೂರ್ತಿ ನಿಂತಿತ್ತು, ಗದ್ದೆಗಳ ಮೇಲೆ ಇನ್ನೂ ತೆಳ್ಳಗೆ ಮಂಜು ಇತ್ತು. ನಾನು ಜವಳಿ ವ್ಯಾಪಾರಿ, ಹುಟ್ಟಿನಿಂದ ಜೈನ. ಮೀನು ತಿಂದವನಲ್ಲ, ಹಿಡಿದವನಲ್ಲ, ಪೇಟೆಯಲ್ಲಿ ಮೀನಿನ ಬುಟ್ಟಿ ಕಂಡರೆ ರಸ್ತೆಯ ಆಚೆ ಬದಿಗೆ ದಾಟುವವನು. ಅಂಥವನು ಅಂಗಡಿಯನ್ನು ಮಗಳ ಕೈಗೆ ಒಪ್ಪಿಸಿ ಹೊರಟದ್ದು ಮೀನು ಹಿಡಿಯುವವರ ಕನ್ನಡಕ ಆರಿಸುವುದಕ್ಕೆ. ಯಾಕೆ ಹೊರಟದ್ದು ಎಂದು ಕಂಡಕ್ಟರ್ ವಿಚಾರಿಸಿದ್ದರೆ ಏನು ಹೇಳುತ್ತಿದ್ದೆನೋ. ಪುಣ್ಯಕ್ಕೆ ಅವನು ಚಿಲ್ಲರೆ ಮಾತ್ರ ಕೇಳಿದ.

ನನ್ನನ್ನು ಹೊರಡಿಸಿದ್ದು ಗುಲಾಬಿಯಕ್ಕ. ಅವರು ಬಂಟ್ವಾಳದಲ್ಲಿರುವ ನನ್ನ ಗೆಳೆಯ ಸಂಜೀವನ ಹೆಂಡತಿ. ಸಂಜೀವ ಮತ್ತು ನಾನು ಕಾಲೇಜಿನಲ್ಲಿ ಒಂದೇ ಬೆಂಚಿನವರು. ಅವನು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರನಾಗಿ ನಿವೃತ್ತನಾದ. ಸೀಟಿ ಊದುವ ಕೆಲಸ ಮುಗಿದ ಮೇಲೆ ಗಾಳ ಹಾಕುವುದೇ ಅವನ ಉದ್ಯೋಗವಾಯಿತು. ಹಿಂದಿನ ವರ್ಷ ಅವನ ಎಡಗಣ್ಣಿನ ಪೊರೆ ತೆಗೆಸಿದ್ದರು. ಕಳೆದ ತಿಂಗಳು ನೇತ್ರಾವತಿಯ ಬದಿಯಲ್ಲಿ ಜಾರಿ ಬಿದ್ದು ಮೊಣಕೈ ಊದಿಸಿಕೊಂಡು ಮನೆಗೆ ಬಂದ. ನೀರಿನ ಮೇಲೆ ಬಿಸಿಲು ಹೊಡೆದು ಕಣ್ಣು ಕೋರೈಸಿತು, ಕಲ್ಲು ಕಾಣಲಿಲ್ಲ ಎಂದ. ಗುಲಾಬಿಯಕ್ಕ ಅವತ್ತೇ ಗಾಳದ ಕೋಲನ್ನು ಅಟ್ಟಕ್ಕೆ ಏರಿಸಿದರು.

ಆಮೇಲೆ ನನಗೆ ಫೋನು ಮಾಡಿದರು. "ಪೋಲರೈಸ್ಡ್ ಅಂತ ಒಂದು ಕನ್ನಡಕ ಉಂಟಂತೆ. ಹಾಕಿದರೆ ನೀರಿನ ಅಡಿಯ ಕಲ್ಲು ಸಹ ಕಾಣ್ತದಂತೆ. ಕಂಡರೆ ಇವರು ಹೊಳೆಗೆ ಹೋಗಲಿ, ನನ್ನ ಅಡ್ಡಿ ಇಲ್ಲ. ಕಾಣದಿದ್ದರೆ ಆ ಕೋಲನ್ನು ಯಾರಿಗಾದರೂ ಕೊಟ್ಟುಬಿಡುವ. ಆದರೆ ಇವರ ಮಾತು ನಾನು ನಂಬುವುದಿಲ್ಲ. ಇವರ ಹೊಳೆಯ ಗೆಳೆಯರದ್ದೂ ಇಲ್ಲ. ನೀವು ಜೊತೆಗೆ ಹೋಗಿ, ಕಣ್ಣಾರೆ ನೋಡಿ ಹೇಳಿ ಧರಣೇಂದ್ರಣ್ಣ. ನಿಮಗೆ ಮೀನಿನ ಆಸೆ ಇಲ್ಲ, ಸುಳ್ಳಿನ ಅಭ್ಯಾಸವೂ ಇಲ್ಲ."

ಜವಳಿ ವ್ಯಾಪಾರಿಯೊಬ್ಬನ ಬಗ್ಗೆ ಇಂಥ ಮಾತು ಹೇಳಿದ ಮೊದಲ ಹೆಂಗಸು ಅವರೇ ಇರಬೇಕು. ನಾನು ಒಪ್ಪಿಕೊಂಡೆ.

ಬಿ.ಸಿ.ರೋಡಿನಲ್ಲಿ ಇಳಿದಾಗ ಸಂಜೀವ ಬಸ್‌ಸ್ಟ್ಯಾಂಡಿನ ಕಂಬಕ್ಕೆ ಒರಗಿ ನಿಂತಿದ್ದ. ಕೈಯಲ್ಲಿ ಗಾಳದ ಕೋಲು, ಹೆಗಲಿಗೆ ಬಟ್ಟೆಯ ಚೀಲ. ಕೋಲು ಇವತ್ತಿನ ಮಟ್ಟಿಗೆ ಮಾತ್ರ ಅಟ್ಟದಿಂದ ಇಳಿದಿದೆ ಎಂದ. "ನನ್ನ ಜಡ್ಜ್ ಸಾಹೇಬರು ಬಂದರು!" ಎಂದು ಸುತ್ತಲಿನವರಿಗೆಲ್ಲ ಕೇಳುವ ಹಾಗೆ ಕೂಗಿದ. ಪಿ.ಟಿ. ಮಾಸ್ತರನಿಗೆ ಮೆಲ್ಲಗೆ ಮಾತಾಡುವುದನ್ನು ಕಲಿಸಿದವರಿಲ್ಲ.

ಕನ್ನಡಕದ ಅಂಗಡಿ ತೆರೆಯುವುದಕ್ಕೆ ಇನ್ನೂ ಹೊತ್ತಿತ್ತು. ಫುಟ್‌ಪಾತಿನಲ್ಲಿ ಒಬ್ಬ ಕಪ್ಪು ಕನ್ನಡಕಗಳನ್ನು ಥರ್ಮಕೋಲಿಗೆ ಸಿಕ್ಕಿಸಿ ಮಾರುತ್ತಿದ್ದ. ಎಲ್ಲವೂ ಪೋಲರೈಸ್ಡ್ ಎಂದು ಆಣೆ ಹಾಕಿದ. ಸಂಜೀವ ಒಂದನ್ನು ಮೊಬೈಲಿನ ಎದುರು ಹಿಡಿದು ಮೆಲ್ಲಗೆ ತಿರುಗಿಸಿದ. ನಿಜವಾದದ್ದಾದರೆ ಯಾವುದಾದರೂ ಒಂದು ಓರೆಯಲ್ಲಿ ಮೊಬೈಲಿನ ಪರದೆ ಕಪ್ಪಾಗಬೇಕಂತೆ. ಇಡೀ ಸುತ್ತು ತಿರುಗಿಸಿದರೂ ಪರದೆ ಹಾಗೆಯೇ ಹೊಳೆಯುತ್ತಿತ್ತು. ಅವನು ಕನ್ನಡಕವನ್ನು ಮರ್ಯಾದೆಯಿಂದ ತಿರುಗಿ ಸಿಕ್ಕಿಸಿದ.

ಅಂಗಡಿ ತೆರೆದಾಗ ಒಳಗಿದ್ದದ್ದು ನಡುವಯಸ್ಸಿನ ಒಬ್ಬ ಹೆಂಗಸು. "ಹೊಳೆಯಾ, ಕಡಲಾ?" ಎಂದೇ ಅವರು ಮಾತು ಶುರು ಮಾಡಿದರು. "ಕಡಲಿಗಾದರೆ ಬೂದು ಬಣ್ಣದ್ದು ಒಳ್ಳೆಯದು. ಹೊಳೆಗೆ ಕಂದು ಬಣ್ಣದ್ದು ತಗೊಳ್ಳಿ, ಕಲ್ಲು ಮಣ್ಣು ಬೇರೆ ಬೇರೆ ಕಾಣ್ತದೆ. ಮರದ ನೆರಳು ಉಂಟಾದರೆ ತೀರಾ ಗಾಢವಾದದ್ದು ಬೇಡ." ಒಂದು ಚಿಕ್ಕ ಕಾರ್ಡು ತೋರಿಸಿದರು. ಬರಿಗಣ್ಣಿಗೆ ಅದು ಖಾಲಿ. ಕನ್ನಡಕ ಹಾಕಿ ನೋಡಿದರೆ ಅದರಲ್ಲಿ ಒಂದು ಮೀನಿನ ಚಿತ್ರ. ಸಂಜೀವ ಮಗುವಿನ ಹಾಗೆ ಖುಷಿಪಟ್ಟು ಕನ್ನಡಕವನ್ನು ತೆಗೆದು, ಹಾಕಿ, ಮತ್ತೆ ತೆಗೆದು ನೋಡಿದ.

ನನಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಸೀರೆಯ ಬಣ್ಣವನ್ನು ಅಂಗಡಿಯ ಟ್ಯೂಬ್‌ಲೈಟಿನಲ್ಲಿ ನೋಡಿ ಕೊಂಡವರು ಮರುದಿನ ಬದಲಾಯಿಸಲು ಬರುವುದನ್ನು ಜೀವಮಾನವಿಡೀ ನೋಡಿದವನು ನಾನು. ಆ ಅಕ್ಕನ ಒಪ್ಪಿಗೆ ಕೇಳಿ ಕನ್ನಡಕ ಹಾಕಿಕೊಂಡು ಹೊರಗೆ ಬಿಸಿಲಿಗೆ ಬಂದೆ. ಎದುರು ಒಂದು ಎಕ್ಸ್‌ಪ್ರೆಸ್ ಬಸ್ಸು ನಿಂತಿತ್ತು. ಬರಿಗಣ್ಣಿಗೆ ಅದರ ಮುಂದಿನ ಗಾಜಿನಲ್ಲಿ ಬರೀ ಆಕಾಶವೂ ಅಂಗಡಿಯ ಬೋರ್ಡುಗಳೂ ಕಾಣುತ್ತಿದ್ದವು. ಕನ್ನಡಕದಲ್ಲಿ ಅದೆಲ್ಲ ಅಳಿಸಿಹೋಗಿ, ಗಾಜಿನ ಹಿಂದೆ ಡ್ರೈವರು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿರುವುದು ಕಂಡಿತು. ಬಹಳ ಹೊತ್ತು ಅದನ್ನೇ ನೋಡಿದೆ. ಈ ಕನ್ನಡಕ ಹೊಸದಾಗಿ ಏನನ್ನೂ ತೋರಿಸುವುದಿಲ್ಲ, ಅಡ್ಡ ಬಂದ ಹೊಳಪನ್ನು ತೆಗೆಯುತ್ತದೆ, ಅಷ್ಟೆ. ಮನುಷ್ಯರನ್ನು ನೋಡುವುದಕ್ಕೂ ಇಂಥದ್ದೊಂದು ಸಿಕ್ಕಿದ್ದರೆ ವ್ಯಾಪಾರದಲ್ಲಿ ನಾನು ಇಷ್ಟು ಸಲ ಟೋಪಿ ಹಾಕಿಸಿಕೊಳ್ಳುತ್ತಿರಲಿಲ್ಲ.

ಬದಿಯಿಂದ ಬೆಳಕು ನುಗ್ಗದ ಹಾಗೆ ಅಗಲ ಕಡ್ಡಿ ಇರುವ ಕಂದು ಬಣ್ಣದ್ದನ್ನು ಆರಿಸಿದೆವು. ನೀರಿಗೆ ಬೀಳದಂತೆ ಕೊರಳಿಗೆ ಹಾಕುವ ದಾರವನ್ನು ಆ ಅಕ್ಕ ದುಡ್ಡಿಲ್ಲದೆ ಹಾಗೆಯೇ ಕೊಟ್ಟರು.

ಬೆಳ್ತಂಗಡಿ ಬಸ್ಸು ಮಡಂತ್ಯಾರಿನಲ್ಲಿ ಸ್ವಲ್ಪ ಹೊತ್ತು ನಿಂತಿತು. ಇಳಿದು ಚಾ ಕುಡಿದೆವು. ಸಂಜೀವನಿಗೆ ಚಾವನ್ನು ಬಸಿಗೆ ಸುರಿದು ಕುಡಿಯುವ ಅಭ್ಯಾಸ. ಸುರಿಯುವಾಗ ಅರ್ಧ ಚಾ ಬಸಿಯ ಆಚೆ ಮೇಜಿನ ಮೇಲೆ ಹೋಯಿತು. "ಕೈ ನಡುಗ್ತದಾ?" ಎಂದು ಕೇಳಿದೆ. "ಇಲ್ಲ ಮಾರಾಯ, ಮೇಜು ಓರೆ ಉಂಟು" ಎಂದ. ಮೇಜು ಓರೆ ಇರಲಿಲ್ಲ. ಕಂಡಕ್ಟರ್ ಸೀಟಿ ಊದಿದ್ದರಿಂದ ಮಾತು ಅಲ್ಲಿಗೇ ನಿಂತಿತು.

ಬೆಳ್ತಂಗಡಿಯಲ್ಲಿ ಬಸ್ಸು ಬದಲಿಸಿ, ಉಜಿರೆ ದಾಟಿ, ಚಾರ್ಮಾಡಿ ರಸ್ತೆಯಲ್ಲಿ ಇಳಿದು ನೆರಿಯಕ್ಕೆ ಆಟೋ ಹಿಡಿದೆವು. ಪರೀಕ್ಷೆಗೆ ಇಷ್ಟು ದೂರ ಯಾಕೆ ಎಂದು ನಾನು ಮೊದಲೇ ಕೇಳಿದ್ದೆ. ಬಂಟ್ವಾಳದ ಹತ್ತಿರ ನೇತ್ರಾವತಿ ಆಳ, ನೀರು ಬಗ್ಗಡ, ಯಾವ ಕನ್ನಡಕಕ್ಕೂ ತಳ ಕಾಣುವುದಿಲ್ಲ ಎಂದಿದ್ದ. ನೆರಿಯದಲ್ಲಿ ಅವನ ಅಜ್ಜಿಯ ಮನೆ ಇತ್ತು. ಗಾಳ ಹಾಕಲು ಕಲಿತದ್ದು ಅಲ್ಲೇ. ಆಟೋ ಕಾಡಿನ ಅಂಚಿಗೆ ಬಂದಾಗ ಗಾಳಿ ತಣ್ಣಗಾಯಿತು, ಸಂಜೀವನ ಮಾತು ಕಡಿಮೆಯಾಯಿತು. ಪರೀಕ್ಷೆಯ ಹಾಲಿಗೆ ಹೋಗುವ ಹುಡುಗನ ಮುಖ ಅವನದ್ದು.

ಹೊಳೆಯ ಬದಿಗೆ ತಲುಪಿದಾಗ ಸೂರ್ಯ ನೆತ್ತಿಯ ಮೇಲಿದ್ದ. ನೀರೆಲ್ಲ ಬೆಳ್ಳಿಯ ತಗಡು, ನೋಡಲು ಕಣ್ಣು ಬಿಡಲಾಗಲಿಲ್ಲ. ಮೊದಲು ನಾನೇ ಕನ್ನಡಕ ಹಾಕಿದೆ. ತಗಡು ಮಾಯವಾಯಿತು. ಉರುಟು ಕಲ್ಲುಗಳು, ಮರಳು, ಮುಳುಗಿದ ಒಂದು ಕೊಂಬೆ, ಎಲ್ಲ ಕೈಗೆ ಸಿಗುವ ಹಾಗೆ ಕಂಡವು. ಬಲಬದಿಯ ದೊಡ್ಡ ಬಂಡೆಯ ನೆರಳಿನಲ್ಲಿ ಮೀನುಗಳಿದ್ದವು. ಹರಿವಿಗೆ ಮುಖ ಮಾಡಿ, ಬಾಲವನ್ನಷ್ಟೇ ಆಡಿಸುತ್ತ, ಇದ್ದಲ್ಲೇ ಇದ್ದವು. ಒಂದರ ಮೈ ತಿರುಗಿದಾಗ ಬಂಗಾರದ ಜರಿಯ ಹಾಗೆ ಹೊಳೆಯಿತು. ಈ ವಯಸ್ಸಿನವರೆಗೆ ನಾನು ಜೀವಂತ ಮೀನನ್ನು ಅದರ ಮನೆಯಲ್ಲಿ ನೋಡಿದ್ದೇ ಇಲ್ಲ. ಎಷ್ಟು ಚಂದ ಇತ್ತೆಂದರೆ ನನಗೆ ಕನ್ನಡಕ ತೆಗೆಯಲು ಮನಸ್ಸೇ ಬರಲಿಲ್ಲ.

"ಏನು ಕಾಣ್ತದೆ?" ಎಂದ ಸಂಜೀವ.

"ಕಲ್ಲು," ಎಂದು ಕನ್ನಡಕ ಅವನಿಗೆ ಕೊಟ್ಟೆ.

ಅವನು ಹಾಕಿಕೊಂಡು ನೀರಿಗೆ ಬಗ್ಗಿದ. "ಕಾಣ್ತದೆ ಮಾರಾಯ! ಆ ಕಪ್ಪು ಕಲ್ಲು, ಅದರ ಮುಂದೆ ಚಪ್ಪಟೆ ಕಲ್ಲು, ಕೊಂಬೆ... ಬರೆದುಕೋ, ಬರೆದುಕೊಂಡು ಹೋಗಿ ಅವಳಿಗೆ ಹೇಳು!" ಅವನು ಹೇಳಿದ್ದೆಲ್ಲ ಸರಿಯಿತ್ತು. ನನಗೂ ಸಂತೋಷವಾಯಿತು, ಪರೀಕ್ಷೆ ಪಾಸಾಯಿತೆಂದೇ ತಿಳಿದೆ. ಅವನು ಕೋಲು ಹಿಡಿದು, ಚಪ್ಪಟೆ ಕಲ್ಲಿನ ಮೇಲೆ ನಿಲ್ಲುತ್ತೇನೆ, ಮೊಣಕಾಲಿನಷ್ಟು ನೀರು ಎನ್ನುತ್ತ ಕಾಲು ಮುಂದಿಟ್ಟ.

ಕಾಲಿಗೆ ಕಲ್ಲು ಸಿಗಲೇ ಇಲ್ಲ. ಕಲ್ಲು ಅವನು ತಿಳಿದದ್ದಕ್ಕಿಂತ ಬಹಳ ಕೆಳಗಿತ್ತು, ಆಚೆಗೂ ಇತ್ತು. ಅವನು ಎದೆಯವರೆಗೆ ಇಳಿದುಹೋದ. ನಾನು ಅವನ ಅಂಗಿಯ ಕಾಲರು ಹಿಡಿದೆ. ಹಿಡಿದ ರಭಸಕ್ಕೆ ನಾನೂ ನೀರಿನಲ್ಲಿ ಕೂತೆ. ಹೇಗೋ ಇಬ್ಬರೂ ದಡಕ್ಕೆ ತೆವಳಿ ಬಂದೆವು.

ಒದ್ದೆ ಬಟ್ಟೆಯಲ್ಲಿ ಕೂತು ಉಸಿರು ಬಿಡುವಾಗ ಮಡಂತ್ಯಾರಿನ ಚಾ ನೆನಪಾಯಿತು. "ಸಂಜೀವ, ಎಡಗಣ್ಣು ಮುಚ್ಚು" ಎಂದೆ.

"ಯಾಕೆ?"

"ಮುಚ್ಚು ಮಾರಾಯ." ಮುಚ್ಚಿದ. ಅವನ ಮುಖದ ಎದುರು ಕೈ ಹಿಡಿದೆ. "ಎಷ್ಟು ಬೆರಳು?"

ಅವನು ತಲೆಯನ್ನು ಆಚೆ ಈಚೆ ಓರೆ ಮಾಡಿ ನೋಡಿದ. ಕೊನೆಗೆ, "ಬೆಳಕು ಕಾಣ್ತದೆ" ಎಂದ.

ಬಲಗಣ್ಣಿಗೂ ಪೊರೆ ಬಂದು ತುಂಬ ದಿನಗಳಾಗಿದ್ದವು. ಒಂದೇ ಕಣ್ಣಿನಲ್ಲಿ ಕಲ್ಲು ಕಾಣುತ್ತದೆ, ಎಷ್ಟು ದೂರ ಎಷ್ಟು ಆಳ ಎಂದು ತಿಳಿಯುವುದಿಲ್ಲ. ಯಾರಿಗೂ ಹೇಳಿರಲಿಲ್ಲ. ಬಿಸಿಲಿನ ಕಥೆ ಹೇಳಿ, ಕನ್ನಡಕದ ಮೇಲೆ ಭಾರ ಹಾಕಿ, ನನ್ನನ್ನೂ ಇಲ್ಲಿಯವರೆಗೆ ಎಳೆದುಕೊಂಡು ಬಂದಿದ್ದ. ನನಗೆ ಸಿಟ್ಟು ಬಂತು. "ಆಪರೇಷನ್ ಮಾಡಿಸಲಿಕ್ಕೆ ನಿನಗೆ ಏನು ಧಾಡಿ?" ಎಂದು ಜೋರಾಗಿಯೇ ಕೇಳಿದೆ.

"ಹೆದರಿಕೆ," ಎಂದ ಸಂಜೀವ. ಅವನು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಎಡಗಣ್ಣಿನದ್ದು ಮಾಡುವಾಗ ಟೇಬಲ್ಲಿನ ಮೇಲೆ ನನ್ನ ಕಾಲು ನಡುಗುತ್ತಿತ್ತು. ನರ್ಸ್ ಬಂದು ಹಿಡಿದುಕೊಂಡಳು. ಇಡೀ ಶಾಲೆಯನ್ನು ಬಿಸಿಲಲ್ಲಿ ಅಟೆನ್ಶನ್ ನಿಲ್ಲಿಸಿದವ ನಾನು. ಇದನ್ನು ಗುಲಾಬಿಯ ಹತ್ತಿರ ಹೇಳಲಿಕ್ಕೆ ಆಗ್ತದಾ? ಕಲ್ಲು ಕಾಣ್ತದೆ ಅಂತ ಮಾತ್ರ ಹೇಳು ಧರಣ. ಅದು ಸುಳ್ಳಲ್ಲವಲ್ಲ."

ಸುಳ್ಳಲ್ಲ, ನಿಜ. ಆದರೆ ಅಂಥ ಅರ್ಧ ನಿಜವನ್ನು ತಕ್ಕಡಿಗೆ ಹಾಕುವ ವ್ಯಾಪಾರಿಗಳನ್ನು ನಾನು ಬಲ್ಲೆ. "ನಾನು ಎಲ್ಲವನ್ನೂ ಹೇಳ್ತೇನೆ" ಎಂದೆ.

"ಹಾಗಾದರೆ ನನ್ನ ಹೊಳೆ ಮುಗಿಯಿತು." ಅವನು ಕೋಲನ್ನು ನೆಲಕ್ಕೆ ಇಟ್ಟ.

ಆ ಮುಖ ನೋಡಲಾಗಲಿಲ್ಲ. ನಾನು ಅವನ ಮನೆಗೆ ಹೋದ ದಿನವೆಲ್ಲ ಅಲ್ಲಿ ಮೀನು ಬೇಯುವುದಿಲ್ಲ. ಈರುಳ್ಳಿ ಬೆಳ್ಳುಳ್ಳಿ ತಾಗದ ಬೇರೆ ಪಾತ್ರೆ ನನಗಾಗಿಯೇ ಉಂಟು. ನನ್ನ ಧರ್ಮಕ್ಕೆ ಅವನು ಇಷ್ಟು ವರ್ಷ ಮೀನು ಬಿಟ್ಟು ಕೂತವನು, ಒಂದು ಸಲವೂ ಗೊಣಗಿದವನಲ್ಲ. ಅವನ ಹೊಳೆಗೆ ನಾನು ಏನು ಕೊಡಬಹುದು ಎಂದು ಯೋಚಿಸಿದೆ.

"ಕಣ್ಣು ಸರಿಯಾಗುವ ತನಕ ನಾನೂ ಬರ್ತೇನೆ" ಎಂದೆ. "ಕನ್ನಡಕ ನಾನು ಹಾಕ್ತೇನೆ. ಕಲ್ಲು ಎಲ್ಲಿ ಉಂಟು, ಗುಂಡಿ ಎಲ್ಲಿ ಉಂಟು ಹೇಳ್ತೇನೆ. ಮೀನು ಎಲ್ಲಿ ಉಂಟು ಅಂತ ಮಾತ್ರ ಹೇಳುವುದಿಲ್ಲ."

ಸಂಜೀವ ನನ್ನನ್ನೇ ನೋಡಿದ. ಆಮೇಲೆ ನಗಲು ಶುರು ಮಾಡಿದ. "ಇದು ಯಾವ ಊರಿನ ನ್ಯಾಯ ಮಾರಾಯ?"

"ಬೇಕಾದರೆ ತಗೋ, ಬೇಡದಿದ್ದರೆ ಬಿಡು."

ಅವನು ದಡದ ಮೇಲೆಯೇ ಕೂತು ಗಾಳ ಹಾಕಿದ. ಗೋಧಿಹಿಟ್ಟಿನ ಉಂಡೆ ಸಿಕ್ಕಿಸಿದ ಗಾಳ ಎಡಕ್ಕೆ ತೇಲಿತು. ಮೀನುಗಳು ಬಲಬದಿಯ ಬಂಡೆಯ ಅಡಿಗೆ ಮರಳಿ ಬಂದಿದ್ದವು. ನಾನು ಕನ್ನಡಕ ಹಾಕಿ ಎರಡನ್ನೂ ನೋಡುತ್ತ ಕೂತೆ. ಒಮ್ಮೆ ಗಾಳ ಬಲಕ್ಕೆ ಸರಿದಾಗ ಮನಸ್ಸಿನಲ್ಲೇ ಬೇಡಿಕೊಂಡೆ. ಮೀನು ಸಿಗದಿರಲಿ ಎಂದೋ, ಗೆಳೆಯನಿಗೆ ಒಂದಾದರೂ ಸಿಗಲಿ ಎಂದೋ, ಈಗಲೂ ನನಗೆ ಗೊತ್ತಿಲ್ಲ. ಏನೂ ಸಿಗಲಿಲ್ಲ. ಬಟ್ಟೆ ಒಣಗಿದ ಮೇಲೆ ಎದ್ದೆವು.

ಬಂಟ್ವಾಳಕ್ಕೆ ಮರಳಿದಾಗ ಬಿಸಿಲು ಇಳಿದಿತ್ತು. ಜೈನರ ಕ್ರಮದಂತೆ ಹೊತ್ತು ಮುಳುಗುವ ಮೊದಲು ನನ್ನ ಊಟವಾಗಬೇಕೆಂದು ಗುಲಾಬಿಯಕ್ಕ ಎಲೆ ಹಾಕಿಯೇ ಕಾದಿದ್ದರು. ಸೌತೆಕಾಯಿಯ ಹುಳಿ, ಅಲಸಂದೆಯ ಪಲ್ಯ. ಸಂಜೀವನೂ ನನ್ನ ಜೊತೆಗೇ ಕೂತ. ಅನ್ನ ಬಡಿಸುತ್ತ ಅವರು ಕೇಳಿದರು: "ಕಂಡಿತಾ ಧರಣೇಂದ್ರಣ್ಣ?"

"ಕಲ್ಲು ಕಂಡಿತು ಅಕ್ಕ. ಆಳ ಕಾಣಲಿಲ್ಲ. ಇವನ ಬಲಗಣ್ಣು ಪೂರಾ ಮಂಜಾಗಿದೆ. ಅದರ ಪೊರೆಯನ್ನೂ ತೆಗೆಸಬೇಕು."

ಸೌಟು ನಿಂತಿತು. ಸಂಜೀವ ಎಲೆಯನ್ನೇ ನೋಡುತ್ತ, ಟೇಬಲ್ಲು, ಕಾಲು, ನರ್ಸು ಎಲ್ಲವನ್ನೂ ತಾನೇ ಹೇಳಿದ. ನಾನು ಹುಳಿಯ ಕಡೆ ಗಮನ ಕೊಟ್ಟೆ. ಗಂಡ ಹೆಂಡಿರ ಮಧ್ಯೆ ಮೂರನೆಯವನಿಗೆ ಅದೊಂದೇ ದಾರಿ.

"ಅವತ್ತು ಆಪರೇಷನ್ ಕೋಣೆಯ ಬಾಗಿಲಿನ ಹೊರಗೆ ನಾನು ನಡುಗಿದ್ದು ನೀವು ನೋಡಿದ್ದೀರಾ?" ಎಂದರು ಗುಲಾಬಿಯಕ್ಕ. ಅವರು ಸೌಟನ್ನು ಕೆಳಗಿಟ್ಟರು. "ಈ ಸಲ ಇಬ್ಬರೂ ಹೇಳಿಕೊಂಡೇ ನಡುಗುವ. ಸೋಮವಾರ ಡಾಕ್ಟರ ಹತ್ತಿರ ಹೋಗುವ." ಆಮೇಲೆ ಕನ್ನಡಕವನ್ನು ಸೆರಗಿನಲ್ಲಿ ಒರೆಸಿ ನನ್ನ ಕೈಗೆ ಕೊಟ್ಟರು. "ಇದು ನಿಮ್ಮ ಹತ್ತಿರ ಇರಲಿ. ನೀವಿಲ್ಲದೆ ಇವರು ಹೊಳೆಗೆ ಹೊರಡುವುದು ಬೇಡ." ಕೋಲನ್ನು ಅಟ್ಟಕ್ಕೆ ಏರಿಸಲಿಲ್ಲ. ಬಾಗಿಲ ಹಿಂದೆ ಒರಗಿಸಿಟ್ಟರು.

ಸಂಜೀವ ನನ್ನನ್ನು ಬಸ್ಸು ಹತ್ತಿಸಲು ಬಂದ. ನನ್ನ ಹತ್ತಿರಕ್ಕೆ ಸರಿದು ಕೇಳಿದ: "ಧರಣ, ಒಂದು ಮಾತು. ಮಧ್ಯಾಹ್ನ ಅಲ್ಲಿ ಮೀನು ಇತ್ತಾ?"

"ಇತ್ತು."

"ಯಾವ ಬದಿಯಲ್ಲಿ?"

ಅಷ್ಟರಲ್ಲಿ ಮೂಡುಬಿದಿರೆ ಬಸ್ಸು ಬಂತು. ನಾನು ಹತ್ತಿ ಕೂತೆ. ಅವನು ಕಿಟಕಿಯ ಪಕ್ಕದಲ್ಲೇ ನಡೆಯುತ್ತ ಬಂದ. "ಎಡಕ್ಕಾ, ಬಲಕ್ಕಾ, ಅಷ್ಟಾದರೂ ಹೇಳು ಮಾರಾಯ!" ಎಂದು ಇಡೀ ಬಸ್ಸಿಗೆ ಕೇಳುವ ಹಾಗೆ ಕೂಗಿದ. ಬಸ್ಸು ಹೊರಟಿತು. ನಾನು ಕಿಟಕಿಯಿಂದ ಕೈ ಹೊರಗೆ ಹಾಕಿ, ಎಡಕ್ಕೂ ಬಲಕ್ಕೂ ತೋರಿಸಿದಂತೆ ಆಗದ ಹಾಗೆ, ನೆಟ್ಟಗೆ ಮೇಲಕ್ಕೆತ್ತಿ ಬೀಸಿದೆ.