ಶೂನಲ್ಲಿ ಸುರಿದ ಬಿಯರ್

ಜಾವಳಿ ಹತ್ತಿರದ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವ ರೈಟರ್ ಕಲ್ಲೇಶನಿಗೆ ನಲವತ್ತಾರು ವರ್ಷ. ಅವನು ಕಾಯುತ್ತಿದ್ದದ್ದು ತಿಂಗಳಿಗೊಂದು ಭಾನುವಾರದ ಓಟಕ್ಕೆ. ಸಾಹುಕಾರರ ಮಗ ದರ್ಶನ್ ಕಟ್ಟಿದ ಕ್ಲಬ್ಬದು. ಒಬ್ಬ ಮುಂದೆ ಹೋಗಿ ಕಾಫಿ ಗಿಡಗಳ ನಡುವೆ ಮೈದಾ ಚೆಲ್ಲಿ ಜಾಡು ಮಾಡಬೇಕು. ಉಳಿದವರು ಅದನ್ನು ಹುಡುಕುತ್ತ ಓಡಿ, ಕೊನೆಗೆ ಹಳ್ಳದ ದಡದಲ್ಲಿ ಕೂತು ಬಿಯರ್ ಕುಡಿಯಬೇಕು. ಆರು ವರ್ಷದಿಂದ ಜಾಡು ಹಾಕುತ್ತಿದ್ದವನು ಕಲ್ಲೇಶನೇ. ದಾರಿ ತಪ್ಪಿಸಲು ತಾನೇ ಹಾಕಿದ ಸುಳ್ಳು ಜಾಡು ಹಿಡಿದು ಹೋದ ಸುತ್ತಲ ತೋಟಗಳ ಪ್ಲಾಂಟರುಗಳು ಏದುಸಿರು ಬಿಡುತ್ತ ವಾಪಸಾಗುವುದನ್ನು ಮರದ ಮರೆಯಲ್ಲಿ ನಿಂತು ನೋಡುವಾಗ ಅವನಿಗೆ ಒಳಗೊಳಗೇ ನಗು.

ಬಿಯರ್ ಮಾತ್ರ ಮುಟ್ಟುತ್ತಿರಲಿಲ್ಲ. ಅಣ್ಣ ಮಲ್ಲೇಶ್ ಕುಡಿದು ಕುಡಿದು ಲಿವರ್ ಹಾಳಾಗಿ ಸತ್ತಾಗ, ತಾಯಿ ಶಂಕರಮ್ಮ ಹೆಣದ ಮುಂದೆಯೇ ಅವನಿಂದ ಆಣೆ ಮಾಡಿಸಿಕೊಂಡಿದ್ದಳು.

ಈ ವರ್ಷ ಕೊಯ್ಲು ಮುಗಿದ ಮೇಲೆ ದರ್ಶನ್, "ಈ ಸಲ ಜಾಡು ಬೇರೆಯವ್ರು ಹಾಕ್ತಾರೆ ಕಲ್ಲೇಶಣ್ಣ, ನೀವು ನಮ್ ಜೊತೆ ಓಡಿ" ಎಂದ. ಚಿಕ್ಕಮಗಳೂರಲ್ಲಿ ನರ್ಸ್ ಆಗಿರುವ ಮಗಳು ಶಿಲ್ಪಾ ಹೊಸ ಶೂ ಕಳಿಸಿದಳು. ಅದನ್ನು ಹಾಕಿಕೊಂಡು ಓಡಿ, ಎಲ್ಲರಿಗಿಂತ ಮೊದಲು ಹಳ್ಳ ಮುಟ್ಟಿದ್ದು ಕಲ್ಲೇಶ.

ಹೊಸ ಶೂ ಹಾಕಿ ಬಂದವರು ಅದರಲ್ಲೇ ಬಿಯರ್ ಕುಡಿಯಬೇಕೆಂಬುದು ಕ್ಲಬ್ಬಿನ ನಿಯಮ. ಅದು ರೈಟರನಿಗೂ ಅನ್ವಯಿಸುತ್ತದೆಂದು ಕಲ್ಲೇಶ ಎಣಿಸಿರಲಿಲ್ಲ.

"ಬೇಡ ಸಾರ್. ಅವ್ವಂಗೆ ಮಾತು ಕೊಟ್ಟಿದೀನಿ."

"ನಿಮ್ಮವ್ವ ಇಲ್ಲಿಲ್ಲ ಮಾರಾಯ್ರೇ." ದರ್ಶನ್ ಅವನ ಬಲಗಾಲಿನ ಶೂ ಎಳೆದು ಬಾಟಲಿ ಬಗ್ಗಿಸಿದ. "ನಮ್ ಜೊತೆ ಓಡೋಕಾಗುತ್ತೆ, ಕುಡಿಯೋಕಾಗಲ್ವ?"

ಸುತ್ತ ನಿಂತವರು ತಾಳ ಹಾಕತೊಡಗಿದರು. ಮೊಬೈಲ್ ಹಿಡಿದವನೊಬ್ಬ, "ಸ್ವಲ್ಪ ನಗಿ" ಎಂದ. ತಾನಿರುವ ಮನೆಯೂ ಎಸ್ಟೇಟಿನದೇ ಎಂಬುದು ನೆನಪಾಗಿ ಕಲ್ಲೇಶ ನಕ್ಕ. ಕುಡಿದ. ಬೆವರು, ರಬ್ಬರಿನ ವಾಸನೆಗೆ ಅಲ್ಲೇ ಕಕ್ಕಿದ. ಅದಕ್ಕೂ ಚಪ್ಪಾಳೆ ಬಿತ್ತು.

ಮಂಗಳವಾರದ ಹೊತ್ತಿಗೆ ವಿಡಿಯೊ ಬಣಕಲ್ಲಿನ ಅಂಗಡಿಗಳಿಗೂ ಮುಟ್ಟಿತ್ತು. ಪಕ್ಕದ ಮನೆಯವರು ಶಂಕರಮ್ಮನಿಗೂ ತೋರಿಸಿದರು.

"ಬಲವಂತ ಮಾಡಿದ್ರು ಅವ್ವ."

"ನಗ್ತಿದೀಯಲ್ಲೋ," ಎಂದಳು ಅವಳು. "ನಿಮ್ಮಣ್ಣನೂ ಮೊದಮೊದಲು ಹಂಗೇ ನಗ್ತಿದ್ದ."

ಬಟ್ಟೆ ಗಂಟು ಕಟ್ಟಿ ಮೊಮ್ಮಗಳಲ್ಲಿಗೆ ಹೊರಟಳು. ಬಸ್ಸಿನವರೆಗೆ ಗಂಟು ಹೊರುವುದಕ್ಕೂ ಮಗನಿಗೆ ಕೊಡಲಿಲ್ಲ. ಅವನು ಫೋನ್ ಮಾಡಿದಾಗಲೆಲ್ಲ ಶಿಲ್ಪಾ, "ಅಜ್ಜಿ ಮಲಗಿದಾರೆ ಅಪ್ಪ" ಎನ್ನುತ್ತಿದ್ದಳು.

ಕಲ್ಲೇಶ ದರ್ಶನನ ಹತ್ತಿರ ಹೋಗಿ ನಿಂತ. "ಸಾರ್, ಆ ವಿಡಿಯೊ ತೆಗೆಸಿಬಿಡಿ."

"ಎಂಟು ಸಾವಿರ ಜನ ನೋಡಿದಾರೆ ಮಾರಾಯ್ರೇ, ತೆಗೆಯೋದ್ಯಾಕೆ? ಮುಂದಿನ ತಿಂಗಳ ಓಟಕ್ಕೆ ಜಾಡು ನಿಮ್ದೇ."

ಮುಂದಿನ ತಿಂಗಳ ಓಟದ ಭಾನುವಾರ ಕಲ್ಲೇಶ ಮೈದಾ ಚೀಲ ಹೊತ್ತು ನೆಟ್ಟಗೆ ಒಂದೇ ಜಾಡು ಹಾಕಿ, ಹಳ್ಳದ ದಡದಲ್ಲಿ ಕೂತ. ಓಟದವರು ಬಂದು ಬಾಟಲಿ ಬಿಚ್ಚಿದರು. ಆವತ್ತು ಅವನನ್ನು ಯಾರೂ ಕರೆಯಲಿಲ್ಲ, ಬಲವಂತವನ್ನೂ ಮಾಡಲಿಲ್ಲ. ಅವನೇ ಎದ್ದು ಹೋಗಿ ಒಂದು ಬಾಟಲಿ ಕೇಳಿ ಇಸಿದುಕೊಂಡ. ಅದು ಮುಗಿದ ಮೇಲೆ ಇನ್ನೊಂದು ಕೇಳಿದ.